ಟೆಸ್ಟರ್ ಎರಡೂ ತಂತಿಯಲ್ಲಿ ಉರಿಯುತ್ತದೆ, ಲೈಟ್ ಮಾತ್ರ ಹತ್ತುವುದಿಲ್ಲ

ಹಾಳೆಟೊಪ್ಪಿ, ಶಿರಸಿ ತಾಲೂಕು | ಸಂಜೆ 7:10

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಸಹಾಯ ಬೇಕು.

ನಮ್ಮದು ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗೆ ಹೋಗುವ ಊರು. ಹಂಚಿನ ಮನೆ. ವೈರಿಂಗ್ ಆದದ್ದು 1984ರಲ್ಲಿ. ಇವತ್ತು ನಾಲ್ಕು ಗಂಟೆಯಿಂದ ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲಿಯೂ ಲೈಟ್ ಇಲ್ಲ. ಫ್ಯಾನೂ ತಿರುಗುತ್ತಿಲ್ಲ. ಆದರೆ ದೇವರ ಕೋಣೆಯ ಲೈಟ್ ಇದೆ. ಫ್ರಿಜ್, ಮಿಕ್ಸರ್ ಎಲ್ಲ ಸರಿ ಇವೆ. ಎಂಸಿಬಿ (ಜಾಸ್ತಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಯಾವುದೂ ಬಿದ್ದಿಲ್ಲ. ಇನ್ವರ್ಟರ್ ಇದೆ, ಅದರಲ್ಲೂ ಯಾವ ತೊಂದರೆ ತೋರಿಸುತ್ತಿಲ್ಲ.

ಜಗಲಿಯ ಹೋಲ್ಡರ್‌ಗೆ ಟೆಸ್ಟರ್ ಹಿಡಿದರೆ ಎರಡೂ ಪಿನ್ನಿನಲ್ಲಿ ಉರಿಯುತ್ತದೆ! ಕರೆಂಟ್ ಇದೆ ಅಂತಾಯಿತಲ್ಲ, ಮತ್ತೆ ಬಲ್ಬ್ ಯಾಕೆ ಹತ್ತುವುದಿಲ್ಲ?

ಎಲೆಕ್ಟ್ರಿಷಿಯನ್ ಮನೆ ಹಳ್ಳದ ಆಚೆ. ಕಾಲುಸಂಕದ ಮೇಲೆ ನೀರು ಬಂದಿದೆ. ನಾಳೆ ಮಳೆ ಇಳಿದರೆ ಬರುತ್ತೇನೆ ಅಂದಿದ್ದಾರೆ. ಅಮ್ಮನಿಗೆ 74 ವರ್ಷ. ರಾತ್ರಿ ಎರಡು ಸಲ ಬಚ್ಚಲಿಗೆ ಹೋಗಲು ಮೆಟ್ಟಿಲು ಇಳಿಯಬೇಕು. ನನಗೆ ಅದೇ ಚಿಂತೆ.

ಕರಿಇಶಾಡ, ಅಂಕೋಲಾ | 7:14

ಬಲ್ಬ್ ಹೋಗಿರಬೇಕು. ಬೇರೆ ಹಾಕಿ ನೋಡಿ.

ಹಾಳೆಟೊಪ್ಪಿ | 7:16

ನೋಡಿದೆ. ಜಗಲಿಯ ಬಲ್ಬನ್ನೇ ದೇವರ ಕೋಣೆಯಲ್ಲಿ ಹಾಕಿದರೆ ಉರಿಯುತ್ತದೆ. ನಾಲ್ಕು ಕೋಣೆಯ ಬಲ್ಬು, ಫ್ಯಾನು ಎಲ್ಲ ಒಂದೇ ಗಳಿಗೆಯಲ್ಲಿ ಹೋಗುವುದಿಲ್ಲ ಅಲ್ವಾ?

ದೋಣಿಸಾಲು, ಹೊನ್ನಾವರ | 7:17

ಒಂದು ಫೇಸ್ (ಕರೆಂಟ್ ತರುವ ತಂತಿ) ಹೋಗಿದೆ. ಕರೆಂಟ್ ದೂರಿನ 1912ಕ್ಕೆ ಫೋನ್ ಮಾಡಿ. ಈ ಗಾಳಿಗೆ ಎಲ್ಲೋ ಮರ ಬಿದ್ದಿರುತ್ತದೆ.

ಅಘನಾಶಿನಿ, ಕುಮಟಾ | 7:19

ದೋಣಿಸಾಲು ಅವರೇ, ಸ್ವಲ್ಪ ಓದಿ ಹೇಳಿ. ಫ್ರಿಜ್ ಓಡುತ್ತಿದೆ ಅಂತ ಬರೆದಿದ್ದಾರೆ. ಸಿಂಗಲ್ ಫೇಸ್ ಮೀಟರ್ ಆಗಿದ್ದರೆ ಫೇಸ್ ಹೋದಾಗ ಫ್ರಿಜ್ಜೂ ನಿಲ್ಲುತ್ತಿತ್ತು. ಹಾಳೆಟೊಪ್ಪಿಯವರೇ, ನಿಮ್ಮದು ಸಿಂಗಲ್ಲೋ ತ್ರೀ ಫೇಸೋ?

ಹಾಳೆಟೊಪ್ಪಿ | 7:20

ಮನೆಗೆ ಸಿಂಗಲ್ ಫೇಸ್. ತೋಟದ ಪಂಪಿಗೆ ಬೇರೆ ಮೀಟರ್.

ದೋಣಿಸಾಲು | 7:21

ಹಾಗಾದರೆ ನನ್ನ ಮಾತು ತಪ್ಪು. ಬಿಡಿ.

ವೈರ್‌ಮನ್ 26 ವರ್ಷ, ಕುಮಟಾ | 7:25

ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ಕಪ್ಪು ತಂತಿ) ಕಟ್ ಆಗಿದೆ. ಮನೆಯೊಳಗೇ ಆಗಿದೆ.

ಮೊದಲು ಒಂದು ಮಾತು. ಆ ಹೋಲ್ಡರ್ ಮುಟ್ಟಬೇಡಿ. ಕಪ್ಪು ತಂತಿ ಅಂದರೆ ಏನೂ ಆಗುವುದಿಲ್ಲ ಅಂತ ತಿಳಿಯಬೇಡಿ. ಈಗ ನಿಮ್ಮ ಮನೆಯ ಕಪ್ಪು ತಂತಿಯಲ್ಲೂ 230 ವೋಲ್ಟ್ ಇದೆ.

ಕರಿಇಶಾಡ | 7:27

ನ್ಯೂಟ್ರಲ್ ಕಟ್ ಆದರೆ ಅದರಲ್ಲಿ ಕರೆಂಟ್ ಎಲ್ಲಿಂದ ಬರುತ್ತದೆ? ಟೆಸ್ಟರ್ ಉರಿಯಬಾರದಲ್ಲ? ನನಗೆ ಇದು ಅರ್ಥವಾಗಲಿಲ್ಲ.

ಅಂಕೋಲಾ ಮಾಸ್ತರ | 7:38

ಒಳ್ಳೆಯ ಪ್ರಶ್ನೆ. ನಾನು ಐಟಿಐನಲ್ಲಿ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು.

ನೀರು ಹೋಗುವ ಅಬ್ಬಿಯ ದಬ್ಬೆಯನ್ನು ನೆನಪಿಸಿಕೊಳ್ಳಿ. ಕೆಳಗಿನ ತುದಿ ತೆರೆದಿದ್ದರೆ ನೀರು ಹರಿದು ಹೋಗುತ್ತದೆ. ತುದಿ ಕಟ್ಟಿದರೆ ನೀರು ಹರಿಯುವುದಿಲ್ಲ, ಆದರೆ ದಬ್ಬೆಯ ಉದ್ದಕ್ಕೂ ತುಂಬಿ ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ. ಫೇಸ್ ತಂತಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಲ್ಬಿಗೆ, ಬಲ್ಬಿನೊಳಗಿಂದ ನ್ಯೂಟ್ರಲ್‌ಗೆ ಬಂತು. ಮುಂದೆ ಹೋಗಲು ದಾರಿ ಇಲ್ಲ. ಹಾಗಾಗಿ ತುಂಡಾದ ಜಾಗದವರೆಗಿನ ಕಪ್ಪು ತಂತಿ ಪೂರ್ತಿ ಫೇಸ್ ಆಗಿ ಕುಳಿತಿದೆ. ಎರಡೂ ಕಡೆ ಒಂದೇ ಒತ್ತಡ. ವ್ಯತ್ಯಾಸ ಇಲ್ಲದ ಮೇಲೆ ಬಲ್ಬ್ ಹತ್ತುವುದು ಹೇಗೆ?

ಟೆಸ್ಟರ್ ಕಥೆ ಬೇರೆ. ಅದರಲ್ಲಿ ಒಂದು ಚಿಕ್ಕ ನಿಯಾನ್ ದೀಪ, ಒಂದು ದೊಡ್ಡ ರೆಸಿಸ್ಟರ್ ಇರುತ್ತವೆ. ನಿಮ್ಮ ಮೈ ಮೂಲಕ ಬಹಳ ಸಣ್ಣ ಕರೆಂಟ್ ಹೋದರೂ ಸಾಕು, ಅದು ಉರಿಯುತ್ತದೆ. ಒತ್ತಡ ಇದೆಯೋ ಅಂತ ಮಾತ್ರ ಅದು ಹೇಳುತ್ತದೆ. ದಾರಿ ಪೂರ್ತಿ ಇದೆಯೋ ಅಂತ ಹೇಳುವುದಿಲ್ಲ.

ಕರಿಇಶಾಡ | 7:41

ಈಗ ತಿಳಿಯಿತು ಮಾಸ್ತರೇ. ಇಷ್ಟು ವರ್ಷ ಟೆಸ್ಟರ್ ಉರಿದರೆ ಎಲ್ಲ ಸರಿ ಅಂತಲೇ ತಿಳಿದಿದ್ದೆ.

ವೈರ್‌ಮನ್ 26 ವರ್ಷ | 7:44

ಮಾಸ್ತರು ಹೇಳಿದ್ದನ್ನು ಏಣಿ ಹತ್ತದೇ ಖಾತ್ರಿ ಮಾಡಬಹುದು. ಹೋಲ್ಡರ್ ಬೇಡ. ನಡುಮನೆಯ ಸ್ವಿಚ್ ಬೋರ್ಡಿನಲ್ಲಿ ಐದು ತೂತಿನ ಪ್ಲಗ್ ಇರುತ್ತದಲ್ಲ, ಅಲ್ಲಿ ನೋಡಿ. ಕಾಲಿಗೆ ಒಣ ಚಪ್ಪಲಿ ಹಾಕಿಕೊಳ್ಳಿ.

ಹತ್ತದೇ ಇರುವ ಕೋಣೆಗಳ ಲೈಟು, ಫ್ಯಾನು ಎಲ್ಲದರ ಸ್ವಿಚ್ ಆಫ್ ಮಾಡಿ. ಟೀವಿ ಗೀವಿ ಇದ್ದರೆ ಪ್ಲಗ್ ಕಿತ್ತುಬಿಡಿ. ಈಗ ಪ್ಲಗ್ಗಿನ ಎಡಗಡೆ ತೂತಿಗೆ ಟೆಸ್ಟರ್ ಹಿಡಿಯಿರಿ. ಅದು ನ್ಯೂಟ್ರಲ್. ಉರಿಯಬಾರದು. ಆಮೇಲೆ ಬಲ್ಬ್ ಇರುವ ಒಂದು ಲೈಟಿನ ಸ್ವಿಚ್ ಮಾತ್ರ ಆನ್ ಮಾಡಿ ಮತ್ತೆ ನೋಡಿ. ಉರಿದರೆ ಮಾಸ್ತರು ಹೇಳಿದ್ದೇ ನಿಜ.

ಹಾಳೆಟೊಪ್ಪಿ | 7:58

ಮಾಡಿದೆ. ಎಲ್ಲ ಆಫ್ ಇದ್ದಾಗ ಎಡಗಡೆ ಉರಿಯಲಿಲ್ಲ. ಜಗಲಿಯ ಸ್ವಿಚ್ ಹಾಕಿದ ಕೂಡಲೇ ನಡುಮನೆಯ ಪ್ಲಗ್ಗಿನ ಎಡಗಡೆ ಉರಿಯಿತು! ಬಚ್ಚಲಿನ ಸ್ವಿಚ್ ಹಾಕಿದರೂ ಅದೇ.

ವೈರ್‌ಮನ್ 26 ವರ್ಷ | 7:59

ಖಾತ್ರಿಯಾಯಿತು. ಇನ್ನು ಎಲ್ಲಿ ತುಂಡಾಗಿದೆ ಅಂತ ಹುಡುಕಬೇಕು.

ಬಚ್ಚಲೊಲೆ, ಯಲ್ಲಾಪುರ | 8:02

ಇಷ್ಟೆಲ್ಲ ಯಾಕೆ? ಇವತ್ತು ರಾತ್ರಿ ಮಟ್ಟಿಗೆ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಜಾಗಕ್ಕೆ ಕೊಡಿ. ಲೈಟ್ ಬರುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಎರಡು ವರ್ಷ ಹಾಗೇ ಇತ್ತು.

ಸಿದ್ದಾಪುರದ ಅಕ್ಕ | 8:04

ದಯವಿಟ್ಟು ಈ ಕೆಲಸ ಮಾಡಬೇಡಿ. ಯಾರೂ ಮಾಡಬೇಡಿ.

ನಮ್ಮ ನೆರೆಮನೆಯಲ್ಲಿ ಕೊಟ್ಟಿಗೆ ಲೈಟಿಗೆ ಹೀಗೆ ಅರ್ಥ್ ಕೊಟ್ಟಿದ್ದರು. ಏಪ್ರಿಲ್ ತಿಂಗಳು, ಅರ್ಥ್ ಗುಂಡಿ ಒಣಗಿತ್ತು. ಬಲ್ಬಿನಿಂದ ಬಂದ ಕರೆಂಟ್ ಭೂಮಿಗೆ ಇಳಿಯಲಿಲ್ಲ. ಅರ್ಥ್ ತಂತಿ ತಾಗಿದ ಕಬ್ಬಿಣಕ್ಕೆಲ್ಲ ಹರಡಿತು. ಗೊಂತಿನ ಕಬ್ಬಿಣದ ಸರಪಳಿಯಲ್ಲಿ ಗಬ್ಬದ ಆಕಳು ಹೋಯಿತು. ನಾನು ಕಣ್ಣಾರೆ ನೋಡಿದ್ದೇನೆ. ಆ ಮನೆಯ ಅತ್ತೆ ಎರಡು ದಿನ ಊಟ ಮಾಡಲಿಲ್ಲ.

ಬಚ್ಚಲೊಲೆ | 8:07

ನಮ್ಮಲ್ಲಿ ಏನೂ ಆಗಲಿಲ್ಲ ಅಕ್ಕಾ. ಅದಕ್ಕೇ ಹೇಳಿದೆ.

ಅಂಕೋಲಾ ಮಾಸ್ತರ | 8:12

ಆಗಲಿಲ್ಲ ಅಂದರೆ ಆ ಎರಡು ವರ್ಷ ನಿಮ್ಮ ಅರ್ಥ್ ಚೆನ್ನಾಗಿತ್ತು ಅಷ್ಟೇ. ನಮ್ಮ ಜಿಲ್ಲೆಯ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ಕರೆಂಟನ್ನು ಬಿಡುತ್ತದೆ. ಬೇಸಿಗೆಯಲ್ಲಿ ಒಣಗಿದರೆ ಬಿಡುವುದಿಲ್ಲ. ಆಗ ಫ್ರಿಜ್ಜಿನ ಮೈ, ಗ್ರೈಂಡರಿನ ಮೈ, ಗೀಸರಿನ ನಲ್ಲಿ ಎಲ್ಲವೂ ಶಾಕ್ ಹೊಡೆಯಲು ಶುರುವಾಗುತ್ತವೆ. ದನಗಳಿಗೆ ಇನ್ನೂ ಅಪಾಯ. ಮುಂಗಾಲು ಹಿಂಗಾಲಿನ ನಡುವೆ ದೂರ ಜಾಸ್ತಿ, ಬರಿಗೊರಸು, ಒದ್ದೆ ನೆಲ. ನಮಗೆ ಜುಮ್ ಅನ್ನುವಷ್ಟು ಕರೆಂಟಿಗೆ ಅವು ಬಿದ್ದುಬಿಡುತ್ತವೆ.

ಬಚ್ಚಲೊಲೆ | 8:15

ಸರಿ ಮಾಸ್ತರೇ. ಹಾಳೆಟೊಪ್ಪಿಯವರೇ, ನನ್ನ ಸಲಹೆ ಬಿಟ್ಟುಬಿಡಿ.

ಸಿದ್ದಾಪುರದ ಅಕ್ಕ | 8:18

ಇವತ್ತು ರಾತ್ರಿಯ ಮಟ್ಟಿಗೆ ಒಂದು ದಾರಿ ಇದೆ. ಫ್ರಿಜ್ ಇರುವ ಪ್ಲಗ್ ಸರಿ ಇದೆಯಲ್ಲ. ಅಲ್ಲಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು, ಪ್ಲಗ್ಗಿಗೆ ಸಿಕ್ಕಿಸುವ ಹೋಲ್ಡರ್‌ನಲ್ಲಿ ಒಂದು 9 ವ್ಯಾಟ್ ಬಲ್ಬ್ ಹಾಕಿ. ಬೋರ್ಡನ್ನು ಬಚ್ಚಲಿನ ಒಳಗೆ ಒಯ್ಯಬೇಡಿ. ಬಾಗಿಲ ಹೊರಗೆ ಎತ್ತರದಲ್ಲಿ ಮೊಳೆಗೆ ನೇತುಹಾಕಿ. ಮೆಟ್ಟಿಲಿಗೆ ಬೆಳಕು ಬಿದ್ದರೆ ಸಾಕು. ವೈರ್ ಅಮ್ಮನ ಕಾಲಿಗೆ ಸಿಗದ ಹಾಗೆ ಗೋಡೆ ಬದಿಗೆ ಬಿಡಿ.

ಹಾಳೆಟೊಪ್ಪಿ | 8:33

ಅಕ್ಕಾ, ಮಾಡಿದೆ. ಬಚ್ಚಲಿನ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಅಮ್ಮ ನಿಮಗೆ ಹೇಳು ಅಂದಳು, ನಿಮಗೆ ಪುಣ್ಯ ಬರಲಿ ಅಂತ.

ಕಾಳಿತೀರ, ಕಾರವಾರ | 8:36

ಕಾರವಾರದಲ್ಲಿ ನಮಗೆ ಉಪ್ಪು ಗಾಳಿಯ ಕಾಟ. ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಸ್ಪ್ರಿಂಗ್ ತುಕ್ಕು ಹಿಡಿದು ಬಲ್ಬಿನ ತಳಕ್ಕೆ ತಾಗುವುದೇ ಇಲ್ಲ. ಜಗಲಿಯ ಹೋಲ್ಡರ್ ನಾನು ಮೂರು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ನಿಮ್ಮಲ್ಲೂ ಕಿಲುಬು ನೋಡಿ.

ಅಘನಾಶಿನಿ | 8:38

ಒಂದು ಹೋಲ್ಡರ್ ಕೆಟ್ಟರೆ ಒಂದು ಲೈಟ್ ಹೋಗುತ್ತದೆ. ಇವರಿಗೆ ನಾಲ್ಕು ಕೋಣೆ ಹೋಗಿದೆ. ಇದು ಎಲ್ಲ ಕೋಣೆಗೂ ಒಟ್ಟಿಗೆ ಹೋಗುವ ತಂತಿಯಲ್ಲೇ ಇರಬೇಕು.

ದೋಣಿಸಾಲು | 8:40

ನಮ್ಮ ಸ್ವಿಚ್ ಒಳಗೆ ಇರುವೆ ಗೂಡು ಕಟ್ಟಿ ಹೀಗೇ ಆಗಿತ್ತು. ಸ್ವಿಚ್ ಒತ್ತಿದರೆ ಟಕ್ ಅನ್ನುತ್ತಿತ್ತು, ಲೈಟ್ ಬರುತ್ತಿರಲಿಲ್ಲ. ಬಿಚ್ಚಿದರೆ ಹಿಡಿ ತುಂಬ ಇರುವೆ.

ಬಚ್ಚಲೊಲೆ | 8:41

ಚಗಳಿ ಆಗಿದ್ದರೆ ಚಟ್ನಿ ಮಾಡಬಹುದಿತ್ತು. ನಮ್ಮ ಆಯಿ ಮಾಡುತ್ತಿದ್ದ ಚಗಳಿ ಚಟ್ನಿ ನೆನಪಾಗಿ ಬಾಯಲ್ಲಿ ನೀರು ಬಂತು.

ದೋಣಿಸಾಲು | 8:42

ಚಗಳಿ ಮರದ ಎಲೆಯಲ್ಲಿ ಗೂಡು ಕಟ್ಟುವುದು. ಸ್ವಿಚ್ಚಿನಲ್ಲಿ ಇದ್ದದ್ದು ಸಣ್ಣ ಕಪ್ಪು ಇರುವೆ. ಚಟ್ನಿಗೆ ಒಣಮೆಣಸು ಹುರಿದು ಹಾಕುತ್ತೀರೋ ಹಸಿಮೆಣಸೋ?

ಬಚ್ಚಲೊಲೆ | 8:43

ಸೂಜಿಮೆಣಸು. ಅದೇ ಸರಿ.

ಅಘನಾಶಿನಿ | 8:44

ಚಟ್ನಿಗೆ ಬೇರೆ ಕಡೆ ಮಾತಾಡೋಣ. ಅವರ ಮನೆಯಲ್ಲಿ ಕತ್ತಲೆ ಇದೆ.

ವೈರ್‌ಮನ್ 26 ವರ್ಷ | 8:50

ಹಾಳೆಟೊಪ್ಪಿಯವರೇ, ಈಗ ನನಗೆ ಎರಡು ವಿಷಯ ಹೇಳಿ. ದೇವರ ಕೋಣೆಯ ಲೈಟ್ ಮಾತ್ರ ಯಾಕೆ ಉಳಿದಿದೆ? ಅದರ ವೈರ್ ಬೇರೆಯೇ? ಎರಡನೆಯದು, ಹೋದ ಎಂಟು ಹತ್ತು ದಿನದಲ್ಲಿ ಲೈಟ್ ಮಿಣುಕುವುದು, ಫ್ಯಾನ್ ನಿಧಾನ ಆಗುವುದು, ಸುಟ್ಟ ವಾಸನೆ ಏನಾದರೂ ಇತ್ತೇ?

ಹಾಳೆಟೊಪ್ಪಿ | 9:04

ಅಮ್ಮನನ್ನು ಕೇಳಿ ಬಂದೆ. ದೇವರ ಕೋಣೆಯಲ್ಲಿ ಮೊದಲು ಲೈಟೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಇನ್ವರ್ಟರ್ ಹಾಕಿಸಿದಾಗ ಹೊಸ ವೈರ್ ಎಳೆದು ಕೊಟ್ಟದ್ದು.

ಲೈಟ್ ಒಂದು ವಾರದಿಂದ ಮಿಣುಕುತ್ತಿತ್ತಂತೆ. ಸಿಡಿಲಿಗೆ ಅಂದುಕೊಂಡಳಂತೆ. ವಾಸನೆಯೂ ಇತ್ತಂತೆ. ಬಚ್ಚಲಿನ ಒಲೆಗೆ ಯಾರೋ ಪ್ಲಾಸ್ಟಿಕ್ ಹಾಕಿದ್ದಾರೆ ಅಂತ ನನ್ನ ಮಗನಿಗೆ ಬೈದಿದ್ದಳು ಕೂಡ. ನನಗೆ ಯಾರೂ ಹೇಳಿರಲಿಲ್ಲ.

ವೈರ್‌ಮನ್ 26 ವರ್ಷ | 9:07

ಈಗಲೇ ಇನ್ವರ್ಟರ್ ಪಕ್ಕದ ಬೋರ್ಡಿನಲ್ಲಿ ಲೈಟಿಗೆ ಹೋಗುವ 6 ಆಂಪಿಯರ್ ಎಂಸಿಬಿ ಕೆಳಗೆ ಮಾಡಿ. ದೇವರ ಕೋಣೆಯ ಲೈಟೂ ಹೋಗುತ್ತದೆ, ಹೋಗಲಿ. ಮೊದಲು ಅದನ್ನು ಮಾಡಿ ಬನ್ನಿ, ಆಮೇಲೆ ಕಾರಣ ಹೇಳುತ್ತೇನೆ.

ಹಾಳೆಟೊಪ್ಪಿ | 9:09

ಮಾಡಿದೆ.

ವೈರ್‌ಮನ್ 26 ವರ್ಷ | 9:21

1984ರ ವೈರಿಂಗ್ ಅಂದರೆ ಹೆಚ್ಚಾಗಿ ಅಲ್ಯೂಮಿನಿಯಂ ತಂತಿ. ಆಗ ನಮ್ಮ ಕಡೆ ಬಹಳ ಮನೆಗೆ ಅದನ್ನೇ ಹಾಕುತ್ತಿದ್ದರು. ಇನ್ವರ್ಟರ್ ಹಾಕಿದವರು ತಂದದ್ದು ತಾಮ್ರದ ತಂತಿ. ದೇವರ ಕೋಣೆಗೆ ತಾಮ್ರವೇ ನೇರ ಹೋಗಿದೆ, ಅದಕ್ಕೇ ಅದು ಉಳಿದಿದೆ. ಉಳಿದ ನಾಲ್ಕು ಕೋಣೆಗೆ ತಾಮ್ರ ಹೋಗಿ ಹಳೇ ಅಲ್ಯೂಮಿನಿಯಂಗೆ ಸೇರಿರಬೇಕು. ಹಾಗೆ ಸೇರಿದ ಜಾಗದಲ್ಲೇ ನಿಮ್ಮ ತೊಂದರೆ ಇದೆ ಅಂತ ನನಗೆ ಅನ್ನಿಸುತ್ತದೆ.

ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ತಾಮ್ರ–ಅಲ್ಯೂಮಿನಿಯಂ ಜೋಡಣೆಗೆ ನಮ್ಮ ಮಳೆಗಾಲದ ತೇವ ಸಿಕ್ಕಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಬಿಳಿ ಪುಡಿ ಆಗುತ್ತದೆ. ಆ ಪುಡಿ ಕರೆಂಟ್ ಬಿಡುವುದಿಲ್ಲ. ಜಾಯಿಂಟ್ ಬಿಸಿಯಾಗುತ್ತದೆ, ಟೇಪ್ ಕರಗುತ್ತದೆ, ವಾಸನೆ ಬರುತ್ತದೆ, ಕೊನೆಗೆ ತುಂಡಾಗುತ್ತದೆ. ತುಂಡಾದದ್ದು ಗಾಳಿಗೆ ಅಲುಗಿ ಮತ್ತೆ ತಾಗಿದರೆ ಕಿಡಿ ಹಾರುತ್ತದೆ. ಅದಕ್ಕೇ ಎಂಸಿಬಿ ಇಳಿಸಿ ಅಂದೆ.

ಆ ಜಾಯಿಂಟ್ ಎಲ್ಲಿ ಹಾಕಿದರು ಅಂತ ಅಮ್ಮನಿಗೆ ನೆನಪಿದೆಯೇ?

ಹಾಳೆಟೊಪ್ಪಿ | 9:30

ಅಮ್ಮನಿಗೆ ಚೆನ್ನಾಗಿ ನೆನಪಿದೆ. ಇನ್ವರ್ಟರ್ ಹಾಕಲು ಬಂದ ಹುಡುಗ ಏಣಿ ಕೇಳಿ ನಡುಮನೆಯ ಅಟ್ಟ ಹತ್ತಿದ್ದನಂತೆ. ಟಾರ್ಚ್ ಹಿಡಿಯಲು ಅಮ್ಮನೇ ಏಣಿ ಬುಡದಲ್ಲಿ ನಿಂತಿದ್ದಳಂತೆ.

ನನಗೆ ಈಗ ಹೆದರಿಕೆ ಆಗುತ್ತಿದೆ. ಆ ಅಟ್ಟದಲ್ಲಿ ಅಡಿಕೆ ಹಾಳೆಯ ಕಟ್ಟು, ಹಳೇ ಗೋಣಿಚೀಲ ಎಲ್ಲ ಇದೆ. ಅಲ್ಲೇ ಒಂದು ಹಂಚು ಒಡೆದು ಸೋರುತ್ತದೆ ಕೂಡ.

ಸಿದ್ದಾಪುರದ ಅಕ್ಕ | 9:32

ಎಂಸಿಬಿ ಇಳಿಸಿದ್ದೀರಿ, ಹೆದರಬೇಡಿ. ಮಲಗುವ ಮೊದಲು ಕೆಳಗೆ ನಿಂತು ಒಮ್ಮೆ ವಾಸನೆ ನೋಡಿ. ಹೊಗೆ ಇಲ್ಲದಿದ್ದರೆ ರಾತ್ರಿ ಹತ್ತುವುದು ಬೇಡ.

ಯಾಣದ ಹಾದಿ, ಕುಮಟಾ | 9:35

ನನಗೊಂದು ಸಂಶಯ. ಇಷ್ಟು ಬಿಸಿಯಾದರೆ ಎಂಸಿಬಿ ಯಾಕೆ ಬೀಳಲಿಲ್ಲ? ಅದನ್ನು ಹಾಕುವುದೇ ಅದಕ್ಕಲ್ವಾ? ಎಂಸಿಬಿ ಹಾಳಾಗಿರಬೇಕು.

ಅಂಕೋಲಾ ಮಾಸ್ತರ | 9:47

ಇಲ್ಲ, ಎಂಸಿಬಿ ಸರಿಯಾಗೇ ಇದೆ. ಜಾಸ್ತಿ ಕರೆಂಟ್ ಹರಿದರೆ ಬೀಳುವುದು ಅದರ ಕೆಲಸ. ಸಡಿಲ ಜಾಯಿಂಟಿನಲ್ಲಿ ಕರೆಂಟ್ ಜಾಸ್ತಿ ಆಗುವುದಿಲ್ಲ, ಕಡಿಮೆ ಆಗುತ್ತದೆ.

ಲೆಕ್ಕ ಮಾಡಿ ನೋಡಿ. ಎರಡು ಫ್ಯಾನ್, ಟೀವಿ, ಆರೇಳು ಲೈಟ್ ಸೇರಿ 1.5 ಆಂಪಿಯರ್ ಅಂದುಕೊಳ್ಳೋಣ. ಜಾಯಿಂಟಿನಲ್ಲಿ 10 ಓಮ್ ಅಡ್ಡಿ ಬಂತು. 1.5ನ್ನು 1.5ರಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಿದರೆ 22.5 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಡ್ಡಿ 25 ವ್ಯಾಟಿನದು. ಅಂಥದ್ದೊಂದನ್ನು ಹಾಳೆ ಕಟ್ಟಿನ ಪಕ್ಕ ಹಚ್ಚಿಟ್ಟ ಹಾಗೆ. 6 ಆಂಪಿಯರಿನ ಎಂಸಿಬಿಗೆ ಹೋಗಿದ್ದು ಬರೀ 1.5. ಅದು ಯಾಕೆ ಬೀಳುತ್ತದೆ?

ಯಾಣದ ಹಾದಿ | 9:50

ಹಾಗಾದರೆ ಆರ್‌ಸಿಸಿಬಿ ಹಾಕಿಸಿದ್ದರೆ?

ಅಂಕೋಲಾ ಮಾಸ್ತರ | 9:53

ಅದೂ ಬೀಳುವುದಿಲ್ಲ. ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ಬಂದದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಆದರೆ ಅದು ಬೀಳುವುದು. ಇಲ್ಲಿ ಎರಡೂ ಸಮ. ಆದರೂ ಮನೆಯಲ್ಲಿ ಅದು ಇರಲೇಬೇಕು. ಅಕ್ಕ ಹೇಳಿದ ಆಕಳಿನಂಥ ಜೀವಗಳನ್ನು ಅದು ಉಳಿಸುತ್ತದೆ.

ಕರಿಇಶಾಡ | 9:56

ಈಗ ನೆನಪಾಯಿತು. ನಮ್ಮ ಅಜ್ಜನ ಮನೆಯಲ್ಲಿ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸ್ ಎರಡೆರಡು ಇದ್ದವು, ಫೇಸಿಗೊಂದು ನ್ಯೂಟ್ರಲ್‌ಗೊಂದು. ಒಮ್ಮೆ ಹೀಗೇ ಟೆಸ್ಟರ್ ಎಲ್ಲ ಕಡೆ ಉರಿಯುತ್ತಿತ್ತು. ಅಪ್ಪ ಮೂರು ದಿನ ಹುಡುಕಿದರು. ನ್ಯೂಟ್ರಲ್ ಫ್ಯೂಸಿನ ತಂತಿ ಹೋಗಿತ್ತು ಅಂತ ಈಗ ಅರ್ಥವಾಯಿತು.

ವೈರ್‌ಮನ್ 26 ವರ್ಷ | 9:58

ಹೌದು, ಹಳೇ ಮನೆಗಳಲ್ಲಿ ಅದು ಇನ್ನೂ ಇದೆ. ನ್ಯೂಟ್ರಲ್‌ಗೆ ಫ್ಯೂಸ್ ಇಡಲೇಬಾರದು. ಫ್ಯೂಸ್ ಹೋಯಿತು, ಕರೆಂಟ್ ಇಲ್ಲ ಅಂತ ತಿಳಿದು ಕೈ ಹಾಕಿದವರಿಗೆ ಫೇಸ್ ಹೊಡೆಯುತ್ತದೆ.

ಕಾಳಿತೀರ | 10:05

ವಿಷಯ ಸ್ವಲ್ಪ ಬೇರೆ. ನಮ್ಮ ಜಿಲ್ಲೆಯ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟು ಇವೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ. ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೇ ಓಡಿತ್ತು. ಇಷ್ಟು ಕರೆಂಟ್ ಹುಟ್ಟುವ ಜಿಲ್ಲೆಯ ಒಳ ಊರುಗಳಲ್ಲಿ ಮಳೆಗಾಲ ಬಂದರೆ ಚಿಮಣಿ ಬುಡ್ಡಿ ಹಚ್ಚಬೇಕು. ನನಗೆ ಇದು ಬಹಳ ಬೇಜಾರು.

ಅಘನಾಶಿನಿ | 10:09

ಬೇಜಾರು ನನಗೂ ಇದೆ. ಆದರೆ ಕಾಡಿನ ನಡುವೆ ಹೋದ ಲೈನಿಗೆ ಮರ ಬಿದ್ದರೆ, ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಪಾಡನ್ನೂ ನೋಡಬೇಕು. ಅದೂ ಅಲ್ಲದೆ ಇವತ್ತಿನ ತೊಂದರೆ ಲೈನಿನದ್ದಲ್ಲ, ಮನೆ ಅಟ್ಟದ್ದು.

ಯಾಣದ ಹಾದಿ | 10:12

ಕಂಬದಲ್ಲೇ ನ್ಯೂಟ್ರಲ್ ಕಟ್ ಆದರೆ ಏನಾಗುತ್ತದೆ?

ವೈರ್‌ಮನ್ 26 ವರ್ಷ | 10:16

ಅದು ಇದಕ್ಕಿಂತ ಕೆಟ್ಟದ್ದು. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್‌ನಿಂದ) ಬರುವ ನ್ಯೂಟ್ರಲ್ ಹೋದರೆ ಒಂದು ಮನೆಗೆ 100 ವೋಲ್ಟ್, ಪಕ್ಕದ ಮನೆಗೆ 300 ದಾಟಿ ಬರಬಹುದು. ಒಂದು ಕಡೆ ಲೈಟ್ ಮಂಕು, ಇನ್ನೊಂದು ಕಡೆ ಕಣ್ಣು ಕುಕ್ಕುವ ಬೆಳಕು. ಟೀವಿ, ಫ್ರಿಜ್ ಸುಟ್ಟು ಹೋಗುತ್ತವೆ. ಹಾಗೆ ಕಂಡರೆ ಯೋಚಿಸಬೇಡಿ. ಮೇನ್ ಇಳಿಸಿ, 1912ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ.

ದೋಣಿಸಾಲು | 10:20

ಹಾಳೆಟೊಪ್ಪಿಯವರೇ, ಒಂದು ಡಿಜಿಟಲ್ ಮೀಟರ್ ತಂದಿಡಿ. ಟೆಸ್ಟರ್ ಹಾಗೆ ದಾರಿ ತಪ್ಪಿಸುವುದಿಲ್ಲ.

ವೈರ್‌ಮನ್ 26 ವರ್ಷ | 10:24

ಅದೂ ತಪ್ಪಿಸುತ್ತದೆ. ನ್ಯೂಟ್ರಲ್ ತುಂಡಾದ ಕಡೆ ಮೀಟರ್ ಹಿಡಿದರೆ 60, 90 ಅಂತ ಏನೋ ತೋರಿಸುತ್ತದೆ. ಪಕ್ಕಪಕ್ಕ ಹೋದ ತಂತಿಗಳಿಂದ ಬಂದ ಸುಳ್ಳು ವೋಲ್ಟೇಜ್ ಅದು. ನಾನು ನಂಬುವುದು ಟೆಸ್ಟ್ ಲ್ಯಾಂಪ್. ಹಳೇ ಕಾಲದ ತಂತಿಯ 60 ವ್ಯಾಟ್ ಬಲ್ಬು, ಎರಡು ವೈರು. ಸುಳ್ಳು ವೋಲ್ಟೇಜಿಗೆ ಅದು ಹತ್ತುವುದೇ ಇಲ್ಲ.

ಅಂಕೋಲಾ ಮಾಸ್ತರ | 10:27

ಟೆಸ್ಟ್ ಲ್ಯಾಂಪ್ ಕಲಿತವರ ಕೈಗೆ ಸರಿ. ಬರಿತಂತಿ ಹಿಡಿದು ಕತ್ತಲಲ್ಲಿ ತಡಕುವುದನ್ನು ಮನೆಮಂದಿಗೆ ಹೇಳಿಕೊಡುವುದು ನನಗೆ ಒಪ್ಪಿಗೆ ಇಲ್ಲ.

ವೈರ್‌ಮನ್ 26 ವರ್ಷ | 10:28

ಒಪ್ಪಿದೆ ಮಾಸ್ತರೇ. ಅವರಿಗೆ ಬೇಡ, ಬರುವ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದು.

ಹಾಳೆಟೊಪ್ಪಿಯವರೇ, ಬೆಳಿಗ್ಗೆ ಅಟ್ಟ ಹತ್ತುವ ಮೊದಲು ಮೇನ್ ಸ್ವಿಚ್ ಇಳಿಸಿ. ಅಷ್ಟೇ ಸಾಕಾಗುವುದಿಲ್ಲ. ಮೇನ್ ಇಳಿದ ಕೂಡಲೇ ಇನ್ವರ್ಟರ್ ಬ್ಯಾಟರಿಯಿಂದ ಅದೇ ತಂತಿಗೆ 230 ವೋಲ್ಟ್ ಕೊಡುತ್ತದೆ. ಹಾಗಾಗಿ ಇನ್ವರ್ಟರಿನ ಮುಂದಿನ ಸ್ವಿಚ್ಚೂ ಆಫ್ ಆಗಬೇಕು. ಬರೀ ಇನ್ವರ್ಟರ್ ಆಫ್ ಮಾಡಿ ಮೇನ್ ಬಿಟ್ಟರೆ ಲೈನಿನ ಕರೆಂಟ್ ಅದರೊಳಗಿಂದಲೇ ದಾಟಿ ಬರುತ್ತದೆ. ಎರಡೂ ಇಳಿಸಬೇಕು. ಇದರಲ್ಲಿ ತಪ್ಪಿ ಪೆಟ್ಟು ತಿಂದವರನ್ನು ನಾನು ಬಲ್ಲೆ. ಟೆಸ್ಟರ್ ಸರಿ ಇದೆಯೋ ಅಂತ ಮೊದಲೇ ಫ್ರಿಜ್ ಪ್ಲಗ್ಗಿನಲ್ಲಿ ನೋಡಿಕೊಳ್ಳಿ. ಅಟ್ಟದಲ್ಲಿ ನೋಡಿ, ಫೋಟೋ ತೆಗೆದು ಇಳಿಯಿರಿ. ಮುಟ್ಟಬೇಡಿ.

ಹಾಳೆಟೊಪ್ಪಿ | ಮರುದಿನ ಬೆಳಿಗ್ಗೆ 8:15

ಸಿಕ್ಕಿತು!

ಮೇನ್, ಇನ್ವರ್ಟರ್ ಎರಡೂ ಇಳಿಸಿ ಹತ್ತಿದೆ. ಸೋರುವ ಹಂಚಿನ ಕೆಳಗೆ, ರೀಪಿಗೆ ಮೊಳೆ ಹೊಡೆದು ಕಟ್ಟಿದ ಎರಡು ಜಾಯಿಂಟ್. ಬಾಕ್ಸ್ ಗೀಕ್ಸ್ ಏನೂ ಇಲ್ಲ. ಒಂದರ ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿದೆ. ಬಿಳಿ ಪುಡಿ ಮೆತ್ತಿದೆ, ತಂತಿ ಪೂರ್ತಿ ತುಂಡು. ಇನ್ನೊಂದು ಜಾಯಿಂಟ್ ಇನ್ನೂ ಹಿಡಿದಿದೆ, ಆದರೆ ಕಪ್ಪಾಗಿದೆ. ರೀಪಿನ ಮರ ಅಂಗೈ ಅಗಲ ಕರಕಲಾಗಿದೆ. ಅದನ್ನು ನೋಡಿ ಸ್ವಲ್ಪ ಹೊತ್ತು ಏಣಿಯ ಮೇಲೇ ಕುಳಿತುಬಿಟ್ಟೆ. ಹಾಳೆ ಕಟ್ಟು ಅಲ್ಲಿಂದ ಒಂದು ಮೊಳ ದೂರ ಇತ್ತು.

ಹಾಳೆ, ಗೋಣಿ ಎಲ್ಲ ಕೆಳಗಿಳಿಸಿದೆ. ಎಲೆಕ್ಟ್ರಿಷಿಯನ್‌ಗೆ ಫೋಟೋ ಕಳಿಸಿದೆ. ಸಂಕದ ನೀರು ಇಳಿದಿದೆ, ಮಧ್ಯಾಹ್ನ ಬರುತ್ತಾರೆ.

ಸಿದ್ದಾಪುರದ ಅಕ್ಕ | 8:19

ದೇವರು ದೊಡ್ಡವನು. ಒಡೆದ ಹಂಚನ್ನೂ ಇವತ್ತೇ ಬದಲಿಸಿ.

ವೈರ್‌ಮನ್ 26 ವರ್ಷ | 8:30

ಬರುವವರಿಗೆ ಹೇಳಿ. ಮತ್ತೆ ತಿರುಚಿ ಟೇಪ್ ಸುತ್ತುವುದು ಬೇಡ. ಸ್ಕ್ರೂ ಇರುವ ಕನೆಕ್ಟರ್ ಹಾಕಲಿ. ತಾಮ್ರ ಒಂದು ಸ್ಕ್ರೂ ಕೆಳಗೆ, ಅಲ್ಯೂಮಿನಿಯಂ ಇನ್ನೊಂದರ ಕೆಳಗೆ, ಎರಡೂ ಒಂದಕ್ಕೊಂದು ತಾಗಬಾರದು. ಅಲ್ಯೂಮಿನಿಯಂ ತುದಿಯನ್ನು ಕೆರೆದು ಹೊಳಪು ಬರಿಸಿ ಕೂಡಲೇ ಬಿಗಿಯಲಿ. ಹಿಡಿದಿರುವ ಫೇಸ್ ಜಾಯಿಂಟನ್ನೂ ಬಿಚ್ಚಿ ಹೊಸದಾಗಿ ಮಾಡಲಿ. ಎಲ್ಲವನ್ನೂ ಮುಚ್ಚಳದ ಬಾಕ್ಸಿನಲ್ಲಿಟ್ಟು ಒಣ ಗೋಡೆಗೆ, ಕೈಗೆ ಸಿಗುವ ಎತ್ತರದಲ್ಲಿ ಕೂರಿಸಲಿ.

ಇದು ದೀಪಾವಳಿಯವರೆಗಿನ ಏರ್ಪಾಟು. ಮಳೆ ಮುಗಿದ ಮೇಲೆ ಲೈಟಿನ ವೈರಿಂಗ್ ಪೂರ್ತಿ 1.5 ಚದರ ಮಿಲಿಮೀಟರಿನ ತಾಮ್ರಕ್ಕೆ ಬದಲಿಸಿ.

ಬಚ್ಚಲೊಲೆ | 8:36

ಪೂರ್ತಿ ಬದಲಿಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮದು 1979ರ ಅಲ್ಯೂಮಿನಿಯಂ. ಇವತ್ತಿಗೂ ಸರಿ ಇದೆ. ಇಲ್ಲಿ ಕೆಟ್ಟದ್ದು ಜಾಯಿಂಟ್, ತಂತಿಯಲ್ಲ. ಸುಮ್ನೆ ಖರ್ಚು ಹಚ್ಚಬೇಡಿ.

ವೈರ್‌ಮನ್ 26 ವರ್ಷ | 8:45

ತಂತಿ ಕೆಟ್ಟಿಲ್ಲ ಅನ್ನುವುದು ನಿಜ. ಆದರೆ ಪ್ರತಿ ಸ್ವಿಚ್ಚಿಗೂ ಹೋಲ್ಡರಿಗೂ ಅಲ್ಯೂಮಿನಿಯಂ ಸ್ಕ್ರೂ ಕೆಳಗೆ ಕೂತಿದೆ. ಅದು ಮೆತ್ತಗಿನ ಲೋಹ. ಸ್ಕ್ರೂವಿನ ಒತ್ತಡಕ್ಕೆ ವರ್ಷ ಹೋದ ಹಾಗೆ ಚಪ್ಪಟೆಯಾಗಿ ಸಡಿಲ ಬೀಳುತ್ತದೆ. 45 ವರ್ಷ ದಾಟಿದ ಪ್ಲಾಸ್ಟಿಕ್ ಬಗ್ಗಿಸಿದರೆ ಬಿರಿಯುತ್ತದೆ. ನಿಮ್ಮ ಮನೆಯದ್ದನ್ನು ಒಮ್ಮೆ ಮೆಗ್ಗರ್ (ತಂತಿಯ ಹೊದಿಕೆ ಸರಿ ಇದೆಯೋ ಅಂತ ನೋಡುವ ಮೀಟರ್) ಹಾಕಿ ನೋಡಿಸಿ. ಚೆನ್ನಾಗಿದ್ದರೆ ಇಟ್ಟುಕೊಳ್ಳಿ, ನನ್ನದೇನೂ ಒತ್ತಾಯ ಇಲ್ಲ.

ಬಚ್ಚಲೊಲೆ | 8:48

ನೋಡಿಸುತ್ತೇನೆ. ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ಹಾಳೆಟೊಪ್ಪಿ | ಸಂಜೆ 5:40

ಲೈಟ್ ಬಂತು. ಹೇಳಿದ ಹಾಗೇ ಕನೆಕ್ಟರ್, ಬಾಕ್ಸ್ ಎಲ್ಲ ಹಾಕಿಸಿದೆ. ಹಂಚೂ ಬದಲಾಯಿತು. ಈಗ ಎಡಗಡೆ ತೂತಿನಲ್ಲಿ ಟೆಸ್ಟರ್ ಉರಿಯುವುದಿಲ್ಲ, ಯಾವ ಸ್ವಿಚ್ ಹಾಕಿದರೂ. ಫ್ಯಾನ್ ಜೋರಾಗಿ ತಿರುಗುತ್ತಿದೆ, ಇಷ್ಟು ದಿನ ನಿಧಾನ ಇತ್ತು ಅಂತ ಈಗಲೇ ಗೊತ್ತಾಗಿದ್ದು. ಅಮ್ಮ ಮೊಮ್ಮಗನನ್ನು ಕರೆದು ಬೈದದ್ದಕ್ಕೆ ಒಂದು ಉಂಡೆ ಹೆಚ್ಚಿಗೆ ಕೊಟ್ಟಳು.

ಯಾಣದ ಹಾದಿ | 6:25

ಇದನ್ನೆಲ್ಲ ಓದಿ ನಾನೂ ನಮ್ಮ ಅಟ್ಟ ಹತ್ತಿದೆ. ಇನ್ವರ್ಟರ್ ವೈರ್ ಹಳೇ ತಂತಿಗೆ ಸೇರುವಲ್ಲಿ ಹಾಗೇ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಮೇನ್ ಇಳಿಸಿದ್ದೇನೆ. ಟೇಪ್ ಬಿಚ್ಚಿ ನೋಡಲೇ?

ವೈರ್‌ಮನ್ 26 ವರ್ಷ | 6:26

ಬಿಚ್ಚಬೇಡಿ. ಕೆಳಗಿಳಿಯಿರಿ. ಇನ್ವರ್ಟರ್ ಆಫ್ ಮಾಡಿದ್ದೀರೋ?

ಯಾಣದ ಹಾದಿ | 6:31

ಇಲ್ಲ. ಈಗ ಮಾಡಿದೆ.